ಲೆಕ್ಕಪತ್ರಗಳ ರಕ್ಷಣೆ: ದುಬಾರಿ ಡಿಸ್ಕ್ ಒಂದಕ್ಕಿಂತ ಸಾಧಾರಣ ಡಿಸ್ಕ್ ಎರಡು ಲೇಸು

ದೀಪಾವಳಿಯಂದು ಖಾತೆ ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚಿ ಪೂಜಿಸುವ ಸಂಪ್ರದಾಯ ರಾಜ್ಯದ ವರ್ತಕ ಸಮುದಾಯದಲ್ಲಿ ಇಂದಿಗೂ ಉಳಿದಿದೆ. ಆದರೆ ನಿಜವಾದ ಖಾತೆ ಇಂದು ಬಹುಪಾಲು ಅಂಗಡಿಯ ಅಥವಾ ಮನೆಯ ಗಣಕಯಂತ್ರದೊಳಗಿದೆ. ಖರೀದಿ, ಮಾರಾಟ, ದಾಸ್ತಾನು, ಬರಬೇಕಾದ ಬಾಕಿ ಎಲ್ಲವೂ ಒಂದೇ ಯಂತ್ರದಲ್ಲಿ ಅಡಗಿರುವಾಗ, ಅದು ಕೆಟ್ಟರೆ ಗತಿಯೇನು? ಈ ಪ್ರಶ್ನೆಗೆ ಅನೇಕ ವರ್ತಕರು ಕಂಡುಕೊಂಡಿರುವ ಉತ್ತರ ಪೋರ್ಟಬಲ್ ಹಾರ್ಡ್ ಡಿಸ್ಕ್. ಉತ್ತರ ಸರಿಯಾದುದೇ. ಆದರೆ ಕೊಳ್ಳುವ ಮುನ್ನ ತೂಗಿ ನೋಡಬೇಕಾದ ಅಂಶಗಳತ್ತ ಗಮನ ಹರಿಯುವುದು ಅಪರೂಪ.

ಸಾಮರ್ಥ್ಯ ಮತ್ತು ವೇಗ

1 ಟೆರಾಬೈಟ್ ಎಂದು ಮುದ್ರಿಸಿದ ಡಿಸ್ಕನ್ನು ಜೋಡಿಸಿದಾಗ ವಿಂಡೋಸ್ ಸುಮಾರು 931 ಗಿಗಾಬೈಟ್ ಎಂದಷ್ಟೇ ತೋರಿಸುತ್ತದೆ. ಇದು ತೂಕದ ಮೋಸವಲ್ಲ. ತಯಾರಕರದು ಸಾವಿರದ ಲೆಕ್ಕ, ವಿಂಡೋಸ್‌ನದು 1024ರ ಲೆಕ್ಕ. ಸಣ್ಣ ಸಂಸ್ಥೆಯೊಂದರ ಹಲವು ವರ್ಷಗಳ ಲೆಕ್ಕಪತ್ರಗಳು ಸಾಮಾನ್ಯವಾಗಿ ಕೆಲವೇ ಗಿಗಾಬೈಟುಗಳಲ್ಲಿ ಅಡಗುತ್ತವೆಯಾದ್ದರಿಂದ ಅತ್ಯಂತ ಕಡಿಮೆ ಬೆಲೆಯ ಡಿಸ್ಕಿನಲ್ಲಿಯೂ ಸ್ಥಳಾವಕಾಶ ಧಾರಾಳ.

ವೇಗದ ಮಾತೂ ಹೀಗೆಯೇ. ಯುಎಸ್‌ಬಿ 3.0 ಕಿಂಡಿಯಲ್ಲಿ ಸಾಧಾರಣ ಡಿಸ್ಕ್ ಸೆಕೆಂಡಿಗೆ ಸುಮಾರು 100 ಮೆಗಾಬೈಟ್ ಬರೆಯಬಲ್ಲದು. ಹಳೆಯ ಯಂತ್ರದ ಯುಎಸ್‌ಬಿ 2.0 ಕಿಂಡಿಯಲ್ಲಿ ಸುಮಾರು 30. ಅಂದರೆ 10 ಗಿಗಾಬೈಟಿನ ಒಂದೇ ಕಡತಕ್ಕೆ ಮೊದಲನೆಯದರಲ್ಲಿ ಎರಡು ನಿಮಿಷವೂ ಬೇಡ, ಎರಡನೆಯದರಲ್ಲಿ ಆರು ನಿಮಿಷ ಸಾಕು. ರಾತ್ರಿ ನಗದು ಎಣಿಸಿ ಮುಗಿಸುವಷ್ಟರಲ್ಲಿ ಮುಗಿಯುವ ಕೆಲಸಕ್ಕೆ ಹೆಚ್ಚಿನ ಬೆಲೆ ತೆರಬೇಕಾದ ಕಾರಣವಿಲ್ಲ.

ವಾರಂಟಿಯ ಅವಧಿ, ಕಾನೂನಿನ ಅವಧಿ

ಇಂತಹ ಡಿಸ್ಕುಗಳಿಗೆ ಸಾಮಾನ್ಯವಾಗಿ ಎರಡು ಅಥವಾ ಮೂರು ವರ್ಷಗಳ ವಾರಂಟಿ ಇರುತ್ತದೆ. ಆ ವಾರಂಟಿ ಡಿಸ್ಕಿಗೆ ಮಾತ್ರ, ಅದರೊಳಗಿನ ಲೆಕ್ಕಕ್ಕಲ್ಲ. ಬದಲಿಯಾಗಿ ಬರುವುದು ಖಾಲಿ ಡಿಸ್ಕ್. ಇತ್ತ 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 36ನೇ ಪ್ರಕರಣದಂತೆ, ವಾರ್ಷಿಕ ವಿವರಪತ್ರ ಸಲ್ಲಿಸಬೇಕಾದ ಕೊನೆಯ ದಿನಾಂಕದಿಂದ 72 ತಿಂಗಳ ಕಾಲ ಲೆಕ್ಕಪತ್ರಗಳನ್ನು ಕಾಯ್ದಿರಿಸಬೇಕು. 2023-24ನೇ ಸಾಲಿನ ಲೆಕ್ಕಗಳು 2030ರ ಡಿಸೆಂಬರ್ 31ರವರೆಗೆ ಕೈಗೆ ಸಿಗುವಂತಿರಬೇಕೆಂದು ಇದರ ಅರ್ಥ. ಕಂಪನಿಗಳಿಗಾದರೆ 2013ರ ಕಂಪನಿ ಕಾಯ್ದೆಯು ಎಂಟು ಹಣಕಾಸು ವರ್ಷಗಳನ್ನು ವಿಧಿಸಿದೆ.

ಲೆಕ್ಕ ಉಳಿಯಬೇಕಾದ ಅವಧಿ ಡಿಸ್ಕಿನ ವಾರಂಟಿಗಿಂತ ಇಮ್ಮಡಿ ಎಂಬುದೇ ಇಲ್ಲಿನ ಮುಖ್ಯ ವಿಷಯ. ಆದುದರಿಂದ ಡಿಸ್ಕನ್ನು ಶಾಶ್ವತ ಆಸ್ತಿಯೆಂದು ಭಾವಿಸದೆ ಸವೆಯುವ ಸಲಕರಣೆಯೆಂದು ಭಾವಿಸುವುದು ಯುಕ್ತ. ವಾರಂಟಿ ಮುಗಿಯುತ್ತಿದ್ದಂತೆ ಹೊಸದಕ್ಕೆ ನಕಲು ಮಾಡಿಕೊಳ್ಳಬೇಕು. ಖರೀದಿಸುವಾಗ ಸಂಸ್ಥೆಯ ಜಿಎಸ್‌ಟಿ ಸಂಖ್ಯೆಯೊಡನೆ ಡಿಸ್ಕಿನ ಕ್ರಮಸಂಖ್ಯೆಯೂ ನಮೂದಾದ ಬಿಲ್ಲು ಪಡೆದರೆ ಹೂಡುವಳಿ ತೆರಿಗೆ ಜಮೆಗೂ ವಾರಂಟಿಗೂ ಅದು ಆಧಾರವಾಗುತ್ತದೆ.

ಎರಡು ಏಕೆ?

ಹಾರ್ಡ್ ಡಿಸ್ಕಿನೊಳಗೆ ತಿರುಗುವ ತಟ್ಟೆಯಿದೆ. ಚಾಲನೆಯಲ್ಲಿರುವಾಗ ಮೇಜಿನಿಂದ ಬಿದ್ದರೆ ಅದೊಂದೇ ಪೆಟ್ಟು ಸಾಕಾಗಬಹುದು. ಸದಾ ಯಂತ್ರಕ್ಕೆ ಜೋಡಿಸಿಟ್ಟರೆ ಅಪಾಯ ಬೇರೆ ಬಗೆಯದು. 2017ರ ಮೇ ತಿಂಗಳಿನಲ್ಲಿ ಜಗತ್ತಿನಾದ್ಯಂತ ಹಬ್ಬಿದ ವಾನ್ನಾಕ್ರೈನಂತಹ ಸುಲಿಗೆ ತಂತ್ರಾಂಶಗಳು ಜೋಡಿಸಿದ ಡಿಸ್ಕಿನ ಕಡತಗಳಿಗೂ ಬೀಗ ಜಡಿಯಬಲ್ಲವು. ಬೆಂಕಿ, ಕಳವು, ಮಳೆನೀರುಗಳಂತೂ ಯಂತ್ರವನ್ನೂ ಪಕ್ಕದ ಡಿಸ್ಕನ್ನೂ ಒಟ್ಟಿಗೇ ಕಬಳಿಸುತ್ತವೆ. ಆದಕಾರಣ ಯಂತ್ರವಿರುವ ಜಾಗದಲ್ಲಿ ಒಂದು, ಬೇರೊಂದು ಕಟ್ಟಡದಲ್ಲಿ ಇನ್ನೊಂದು ಇರಬೇಕು. ವಾರಕ್ಕೊಮ್ಮೆ ಅವೆರಡನ್ನೂ ಅದಲುಬದಲು ಮಾಡಬೇಕು. ಪ್ರತಿ ಮಾಡಿಕೊಂಡೊಡನೆ ತಂತಿ ಕಳಚಿಡಬೇಕು.

ಅಂತರ್ಜಾಲದ ಸಂಗ್ರಹ ಸೇವೆ ಇರುವಾಗ ಇದೆಲ್ಲ ಏಕೆಂದು ಕೇಳುವವರುಂಟು. ಆ ಸೇವೆಯೂ ಉಪಯುಕ್ತವೇ. ಕಂಪನಿಗಳಂತೂ 2022ರ ಆಗಸ್ಟ್‌ನ ತಿದ್ದುಪಡಿಯ ಪ್ರಕಾರ ವಿದ್ಯುನ್ಮಾನ ಲೆಕ್ಕಪತ್ರಗಳ ಪ್ರತಿಯನ್ನು ಭಾರತದಲ್ಲಿರುವ ಸರ್ವರಿನಲ್ಲಿ ಪ್ರತಿದಿನ ಇಡಲೇಬೇಕು. ಅವಕ್ಕೆ ಡಿಸ್ಕ್ ಮಾತ್ರ ಸಾಲದು. ಆದರೆ ಯಂತ್ರದೊಡನೆ ತಾನಾಗಿ ಹೊಂದಿಕೊಳ್ಳುವ ಸೇವೆಗಳಲ್ಲಿ ಇಲ್ಲಿ ತಪ್ಪಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ಅದನ್ನು ಮರಳಿ ಪಡೆಯಲು ಸಿಗುವ ಕಾಲಾವಕಾಶ ಸೀಮಿತ. ಏಕವ್ಯಕ್ತಿ ಮಾಲೀಕತ್ವದ ಅಂಗಡಿಗೂ ಪಾಲುದಾರಿಕೆ ಸಂಸ್ಥೆಗೂ ಎರಡು ಸಾಧಾರಣ ಡಿಸ್ಕುಗಳೇ ಮಿತವ್ಯಯದ ಭದ್ರ ಬುನಾದಿ.

ಕೊನೆಯ ಪರೀಕ್ಷೆ

ಡಿಸ್ಕಿನ ಯೋಗ್ಯತೆ ತಿಳಿಯುವುದು ಬರೆದಾಗಲಲ್ಲ, ಮರಳಿ ಪಡೆದಾಗ. ಅಪಘಾತದಿಂದ ದಾಖಲೆಗಳು ನಾಶವಾದರೂ ಯುಕ್ತ ಕಾಲದೊಳಗೆ ಮಾಹಿತಿಯನ್ನು ಮರಳಿ ಪಡೆಯುವಂತಿರಬೇಕೆಂದು ಜಿಎಸ್‌ಟಿ ನಿಯಮಾವಳಿಯ 57ನೇ ನಿಯಮವೂ ಹೇಳುತ್ತದೆ. ಮೂರು ತಿಂಗಳಿಗೊಮ್ಮೆ ಪ್ರತಿಯನ್ನು ಬೇರೊಂದು ಗಣಕಯಂತ್ರದಲ್ಲಿ ತೆರೆದು, ಅದೇ ದಿನಾಂಕದ ತಾಳೆಪಟ್ಟಿಯ ಮೊತ್ತ, ದಾಸ್ತಾನಿನ ಮೌಲ್ಯ, ನಗದು ಶಿಲ್ಕು ಮೂಲದೊಡನೆ ಹೊಂದುತ್ತವೆಯೇ ಎಂದು ನೋಡಬೇಕು. ಹೊಂದದಿದ್ದರೆ ಅದನ್ನು ಪ್ರತಿಯೆಂದು ನಂಬಲಾಗದು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ಲೆಕ್ಕಪತ್ರಗಳಿಗೂ ಸಲ್ಲುತ್ತದೆ. ಬಾಕಿದಾರನ ಖಾತೆಯೇ ಅಳಿದುಹೋದ ಮೇಲೆ ಬಾಕಿ ವಸೂಲಿ ಅವನ ಪ್ರಾಮಾಣಿಕತೆಗೆ ಬಿಟ್ಟದ್ದು. ವ್ಯಾಪಾರವನ್ನು ಅಂತಹ ಭರವಸೆಯ ಮೇಲೆ ನಿಲ್ಲಿಸುವುದು ವಿವೇಕವಲ್ಲ.