ಮೀಟದ ತಂತಿಯ ನಾದ

ಹೋದ ತಿಂಗಳು ಪಾಲಕರೊಬ್ಬರು ಮಗನ ಗಿಟಾರ್ ಹಿಡಿದುಕೊಂಡು ಶಾಲೆಗೆ ಬಂದರು. ಹುಡುಗ ಹತ್ತನೇ ತರಗತಿ. "ಸರ, ಪರೀಕ್ಷಾ ಮುಗಿಯೋತನ ಇದನ್ನ ನಿಮ್ಮ ಕಪಾಟಿನ್ಯಾಗ ಇಟ್ಟು ಕೀಲಿ ಹಾಕ್ರಿ" ಎಂದರು. ಹುಡುಗ ನೆಲ ನೋಡುತ್ತ ನಿಂತಿದ್ದ. ನಾನು ಕೀಲಿ ಹಾಕಿದೆ. ಆಳಂದ, ಅಫಜಲಪುರ ಸುತ್ತಿ ಜೇವರ್ಗಿಗೆ ಬಂದ ಮೇಷ್ಟ್ರಿಗೆ ಇಂಥ ಕೋರಿಕೆ ಹೊಸದಲ್ಲ. ಕ್ರಿಕೆಟ್ ಬ್ಯಾಟು, ಮೊಬೈಲು ಎಲ್ಲ ಅದೇ ಕಪಾಟು ಕಂಡಿವೆ.

ಮನೆಗೆ ಬಂದ ಮೇಲೆ, ಬಿ.ಎಸ್ಸಿ. ಓದುವಾಗ ಗುಲಬರ್ಗಾದಲ್ಲಿ ಗೆಳೆಯನ ಕೋಣೆಯಲ್ಲಿ ಕೇಳಿದ್ದ ಒಂದು ಕ್ಯಾಸೆಟ್ ನೆನಪಾಯಿತು. 1976ರ 'ಶಕ್ತಿ'. ಜಾಝ್ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ಜೊತೆಗೆ ಪಿಟೀಲಿನ ಎಲ್. ಶಂಕರ್, ತಬಲಾದ ಜಾಕಿರ್ ಹುಸೇನ್, ಘಟದ ವಿನಾಯಕರಾಮ್, ಮೃದಂಗದ ಆರ್. ರಾಘವನ್. 1975ರ ಜುಲೈನಲ್ಲಿ ನ್ಯೂಯಾರ್ಕ್ ರಾಜ್ಯದ ಕಾಲೇಜೊಂದರಲ್ಲಿ ನಡೆದ ಕಛೇರಿಯ ಮುದ್ರಣ ಅದು. ಇದೇ ತಂಡ, ಒಂದಷ್ಟು ಹೊಸಬರೊಡನೆ, 2023ರಲ್ಲಿ ಬೆಂಗಳೂರಿಗೂ ಬಂದಿತ್ತು. ಮರುವರ್ಷ ಡಿಸೆಂಬರಿನಲ್ಲಿ ಜಾಕಿರ್ ತೀರಿಕೊಂಡರು.

ಅಂದು ನನಗದು ಓಟದ ಪಂದ್ಯದಂತೆ ಕೇಳಿಸಿತ್ತು. ಈಗ ಮತ್ತೆ ಕೇಳಿದೆ. ಹದಿನೆಂಟು ನಿಮಿಷದ ಮೊದಲ ಕೃತಿ ಈಗಲೂ ಅವಸರದ್ದೇ. ಆದರೆ ಐದು ನಿಮಿಷವೂ ಇಲ್ಲದ 'ಲೋಟಸ್ ಫೀಟ್' ನಿಧಾನವಾಗಿ ಬಂದು ಪಕ್ಕದಲ್ಲಿ ಕೂರುತ್ತದೆ.

ಮೆಕ್‌ಲಾಫ್ಲಿನ್ ಎಸ್. ರಾಮನಾಥನ್ ಅವರಲ್ಲಿ ವೀಣೆ ಕಲಿತವರು. ವೀಣೆಯಲ್ಲಿ ತಂತಿ ಎಳೆದರೆ ಬಿಗಿ ಹೆಚ್ಚಿ ಸ್ವರ ಏರುತ್ತದೆ, ಗಮಕ ಹುಟ್ಟುತ್ತದೆ. ಆವೃತ್ತಿ ಬಿಗಿಯ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ ಎಂದು ನಾವು ಬಾಯಿಪಾಠ ಮಾಡಿಸುತ್ತೇವಲ್ಲ, ಅದೇ. ಸ್ವರ ಸ್ಥಾಯಿ ಏರಬೇಕಾದರೆ ಬಿಗಿ ನಾಲ್ಕು ಪಟ್ಟು. 'ಸ'ದಿಂದ ಮುಂದಿನ ದೊಡ್ಡ 'ರಿ'ಗೆ ಕಾಲು ಪಾಲಿಗಿಂತ ತುಸು ಜಾಸ್ತಿ. ಗಿಟಾರಿನಲ್ಲಿ ಬೆರಳು ಮರಕ್ಕೆ ತಾಗಿ ಹೀಗೆ ಎಳೆಯುವುದು ಕಷ್ಟ. ಅದಕ್ಕೆ ಅವರು ಮೆಟ್ಟುಗಳ ನಡುವಿನ ಮರವನ್ನು ತೋಡಿಸಿದರು. ಆರು ತಂತಿಗಳ ಕೆಳಗೆ ಓರೆಯಾಗಿ ಇನ್ನೂ ಏಳು ತಂತಿ ಹಾಕಿಸಿದರು. ಸಿತಾರಿನ ತರಬ್ ತಂತಿಗಳ ಹಾಗೆ, ಮೀಟದೆಯೂ ಅವು ನುಡಿಯುತ್ತವೆ. ತನ್ನ ಆವೃತ್ತಿಯ ಸ್ವರ ಪಕ್ಕದಲ್ಲಿ ಹುಟ್ಟಿದರೆ ತಂತಿ ತಾನೇ ಕಂಪಿಸುತ್ತದೆ. ಇದೇ ಅನುನಾದ. ಇಪ್ಪತ್ತೈದು ವರ್ಷ ಇದನ್ನು ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲೇ ಕಲಿಸಿದ್ದೇನೆ, ಹೇಳಲು ನಾಚಿಕೆ.

ಮರುದಿನ ಕಪಾಟು ತೆರೆದು ಹುಡುಗನನ್ನು ಕರೆದೆ. ಎಲ್ಲ ತಂತಿಗಳನ್ನೂ ಶ್ರುತಿ ಮಾಡಿ, ದಪ್ಪ ತಂತಿಯ ಪಕ್ಕದ ಎರಡನೆಯದರ ಮೇಲೆ ಕಾಗದದ ಚೂರನ್ನು ಮಡಚಿ ಕೂರಿಸಿದ. ದಪ್ಪ ತಂತಿಯನ್ನು ಐದನೇ ಮೆಟ್ಟಿನಲ್ಲಿ ಒತ್ತಿ ಮೀಟಿದ. ಎರಡೂ 110 ಹರ್ಟ್ಸ್. ಚೂರು ಕುಣಿದು ಹಾರಿತು. ನಾಲ್ಕನೇ ಮೆಟ್ಟಿನಲ್ಲಿ ಮೀಟಿದಾಗ ಸುಮ್ಮನೆ ಕೂತಿತು. ಹಿಂದಿನ ಬೆಂಚಿನವರೂ ಎದ್ದು ಬಂದರು. ಮನೆಯಲ್ಲಿ ಗಿಟಾರ್ ಇದ್ದವರು ಮಾಡಿ ನೋಡಿ.

ತಂದೆಯನ್ನೂ ಕರೆಸಿದೆ. ಅವರು ಅಮಾವಾಸ್ಯೆಯ ರಾತ್ರಿ ತತ್ವಪದ ಹಾಡುವವರು ಎಂದು ಆಗಲೇ ತಿಳಿದದ್ದು. ಚೂರು ಹಾರಿದ್ದನ್ನು ಎರಡು ಸಲ ನೋಡಿ, "ಏಕತಾರಿಗೂ ಹಿಂಗೇ ಆಗ್ತದೇನ್ರಿ?" ಎಂದರು.

"ಒಂದೇ ಶ್ರುತಿಯ ಎರಡನ್ನ ಒಂದೇ ಹಲಗಿ ಮ್ಯಾಲ ಇಟ್ಟು ನೋಡೋಣ್ರಿ, ತರ್ರಿ" ಎಂದೆ.

ಗಿಟಾರ್ ಇನ್ನೂ ನನ್ನ ಕಪಾಟಿನಲ್ಲೇ ಇದೆ. ಶನಿವಾರ ಶಾಲೆ ಬಿಟ್ಟ ಮೇಲೆ ಒಂದು ತಾಸು ಕೀಲಿ ಹುಡುಗನ ಕೈಗೆ. ಏಕತಾರಿಗಳು ಬರುವ ವಾರ ಬರಲಿವೆ.