ಮದ್ದು ಗೊತ್ತಾಯಿತು, ದುಡ್ಡು ಯಾರು ಕೊಡುತ್ತಾರೆ?

ಈ ವಾರ ಪತ್ರಿಕೆಯಲ್ಲಿ ಪೂರ್ತಿ ಪುಟದ ಆಸ್ಪತ್ರೆ ಜಾಹೀರಾತು ನೋಡಿ ಸಿಟ್ಟು ನೆತ್ತಿಗೇರಿತು. ನಿಮ್ಮ ಜೀನ್ ಓದಿ ನಿಮಗೇ ಹೊಂದುವ ಕ್ಯಾನ್ಸರ್ ಮದ್ದು ಕೊಡುತ್ತಾರಂತೆ. ಖರ್ಚೆಷ್ಟು? ಪುಟ ತಿರುವಿ ಮಗುಚಿ ನೋಡಿದೆ, ಎಲ್ಲೂ ಇಲ್ಲ.

ಈ ಬಗೆಯ ಚಿಕಿತ್ಸೆಯ ಮಾತು ಬಂದಾಗಲೆಲ್ಲ ಲೂಕಸ್ ವಾರ್ಟ್‌ಮನ್ ಹೆಸರು ಬರುತ್ತದೆ. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್, ಸಂಶೋಧಕರಾಗಿದ್ದರು. ಅವರನ್ನು ಕಾಡಿದ್ದೂ ಅದೇ ಕಾಯಿಲೆ. 2003ರಲ್ಲಿ, ಇನ್ನೂ ವೈದ್ಯಕೀಯ ಓದುತ್ತಿದ್ದಾಗ, ಮೊದಲು ಕಾಣಿಸಿಕೊಂಡಿತು. 2008ರಲ್ಲಿ ಮರುಕಳಿಸಿದಾಗ ಸೋದರನ ಅಸ್ಥಿಮಜ್ಜೆ ಕಸಿಯಾಯಿತು. 2011ರಲ್ಲಿ ಮತ್ತೆ ಬಂತು. ಸಹೋದ್ಯೋಗಿಗಳು ಕೈಯಲ್ಲಿದ್ದ ಕೆಲಸ ಬದಿಗಿಟ್ಟು, ಯಂತ್ರಗಳನ್ನು ಹಗಲಿರುಳು ಓಡಿಸಿ ಅವರ ಕ್ಯಾನ್ಸರ್ ಕೋಶಗಳನ್ನು ಓದಿದರು. ಡಿಎನ್‌ಎಯಲ್ಲಿ ಮದ್ದಿಗೆ ಸಿಗುವ ಗುರಿ ಕಾಣಲಿಲ್ಲ. ಆರ್‌ಎನ್‌ಎ ನೋಡಿದರೆ ಎಫ್‌ಎಲ್‌ಟಿ3 ಎಂಬ ಜೀನ್ ಮಿತಿಮೀರಿ ಕೆಲಸ ಮಾಡುತ್ತಿತ್ತು. ಅದನ್ನು ತಡೆಯಬಲ್ಲ ಸುನಿಟಿನಿಬ್ ಮಾತ್ರೆ ಮೂತ್ರಪಿಂಡದ ಕ್ಯಾನ್ಸರಿಗೆಂದು ಆಗಲೇ ಮಾರಾಟದಲ್ಲಿತ್ತು.

ಬಹಳ ಮಂದಿ ಕಥೆಯನ್ನು ಇಲ್ಲಿಗೇ ಮುಗಿಸಿ ಚಪ್ಪಾಳೆ ತಟ್ಟುತ್ತಾರೆ. ಮುಂದಿನದನ್ನು ನಾನು ಹಿಂದೆಯೂ ಬರೆದಿದ್ದೇನೆ, ಮತ್ತೂ ಬರೆಯುತ್ತೇನೆ. ಮಾತ್ರೆಗೆ ಆಗ ದಿನಕ್ಕೆ 330 ಡಾಲರ್. ವಿಮೆ ಕಂಪನಿ ಕೊಡಲಾಗದು ಎಂದಿತು, ಔಷಧ ಕಂಪನಿಯೂ ಕೈ ಚೆಲ್ಲಿತು. ವಾರ್ಟ್‌ಮನ್ ಹೇಗೋ ದುಡ್ಡು ಹೊಂದಿಸಿ ಒಂದು ವಾರದ ಮಾತ್ರೆ ಕೊಂಡರು. ಆಮೇಲೆ ಔಷಧಾಲಯದಿಂದ ಕರೆ: ತಿಂಗಳ ಮಾತ್ರೆ ಸಿದ್ಧವಿದೆ. ಅವರ ವಿಭಾಗದ ವೈದ್ಯರೇ ಸೇರಿ ದುಡ್ಡು ಕಟ್ಟಿದ್ದರು! ರೋಗ ಹಿಮ್ಮೆಟ್ಟಿತು, ಎರಡನೇ ಕಸಿಗೆ ದಾರಿಯಾಯಿತು.

ನಮ್ಮಲ್ಲಿ ವಿಜ್ಞಾನವೇನೂ ಹಿಂದೆ ಬಿದ್ದಿಲ್ಲ. ರೋಗಿಯದೇ ರೋಗನಿರೋಧಕ ಟಿ ಕೋಶಗಳನ್ನು ಕ್ಯಾನ್ಸರ್ ವಿರುದ್ಧ ಪಳಗಿಸಿ ಮರಳಿಸುವ ನೆಕ್ಸ್‌ಕಾರ್19 ಚಿಕಿತ್ಸೆ ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್‌ನ ಹೆಮ್ಮೆ. 2023ರಲ್ಲಿ ಒಪ್ಪಿಗೆ ಸಿಕ್ಕಿತು. ಅಮೆರಿಕಕ್ಕಿಂತ ಎಷ್ಟೋ ಅಗ್ಗ, ನಿಜ. ಆದರೂ ಲಕ್ಷಗಳಲ್ಲೇ ಎಣಿಸಬೇಕು.

ನನಗೆ ಪರಿಚಯದ ದರ್ಜಿಯೊಬ್ಬರ ಹೆಂಡತಿಗೂ ಜೀನ್ ಪರೀಕ್ಷೆ ಬರೆದುಕೊಟ್ಟರು. ಸಾಲ ಮಾಡಿ ಮಾಡಿಸಿದರು. ವರದಿಯಲ್ಲಿ ಹೊಂದುವ ಮದ್ದಿನ ಹೆಸರು ಸ್ಪಷ್ಟವಾಗಿಯೇ ಇತ್ತು. ಬೆಲೆ ಕೇಳಿದ ಮೇಲೆ ಅದನ್ನು ನಾಲ್ಕು ಮಡಿಕೆ ಮಾಡಿ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ, ಗುಂಡಿಗಳ ಡಬ್ಬಿಯ ಕೆಳಗೆ ಇಟ್ಟುಬಿಟ್ಟರು. ದುಡ್ಡು ಕೂಡಿಸಿ ಕೊಡಲು ಅವರ ಬೆನ್ನಿಗೆ ವೈದ್ಯರ ಬಳಗವಿರಲಿಲ್ಲ. ಇದ್ದದ್ದು, ವರ್ಷವರ್ಷವೂ ತಪ್ಪದೆ ಕಂತು ಕಟ್ಟಿಸಿಕೊಂಡು, ಈ ಮದ್ದು ಪಾಲಿಸಿಯಲ್ಲಿ ಬರುವುದಿಲ್ಲವೆಂದು ಎರಡೇ ಸಾಲಿನ ಎಸ್‌ಎಂಎಸ್ ಕಳಿಸಿದ ಕಂಪನಿ.