ಔಷಧಿಗೆ ಮುನ್ನ ಹುಳುವಿನ ಚಿತ್ರ

ಬೆಳೆಗೆ ಹುಳು ಬಿದ್ದಿತೆಂದರೆ ನಮ್ಮ ಅನೇಕ ರೈತರು ನೇರವಾಗಿ ಔಷಧಿ ಅಂಗಡಿಗೆ ಹೋಗುತ್ತಾರೆ. "ಎಲೆ ಮುದುಡಿದೆ, ಏನಾದರೂ ಕೊಡಿ" ಎನ್ನುತ್ತಾರೆ. ಅಂಗಡಿಯವರು ಹುಳುವನ್ನು ಕಂಡಿರುವುದಿಲ್ಲ. ರೈತರೂ ಎಷ್ಟೋ ವೇಳೆ ಸರಿಯಾಗಿ ನೋಡಿರುವುದಿಲ್ಲ. ಇಬ್ಬರೂ ಕಾಣದ ಶತ್ರುವಿಗೆ ಔಷಧಿ ತೀರ್ಮಾನವಾಗುತ್ತದೆ. ಈಗ ಬಹಳ ಮಂದಿಯ ಜೇಬಿನಲ್ಲಿ ಕ್ಯಾಮೆರಾ ಇರುವ ಮೊಬೈಲ್ ಫೋನು ಇದೆ. ಸಿಂಪರಣೆಗೆ ಮುನ್ನ ಹುಳುವಿನ ಒಂದು ಸ್ಪಷ್ಟವಾದ ಸಮೀಪ ಚಿತ್ರ ತೆಗೆಯುವುದನ್ನು ಬೀಜೋಪಚಾರದಂತೆಯೇ ಬೇಸಾಯದ ಒಂದು ಕ್ರಮವೆಂದು ಎಣಿಸಬೇಕೆಂಬುದು ನನ್ನ ಅಭಿಪ್ರಾಯ.

ಮೆಣಸಿನಕಾಯಿ ಬೆಳೆಯ ಮುಟುರನ್ನೇ ನೋಡಿ. ಎಲೆಯ ಅಂಚು ಮೇಲಕ್ಕೆ ಮುದುಡಿದ್ದರೆ ಥ್ರಿಪ್ಸ್ ನುಸಿ, ಕೆಳಕ್ಕೆ ಮುದುಡಿದ್ದರೆ ಮೈಟ್ ನುಸಿ ಎಂಬುದು ಸಾಮಾನ್ಯ ಗುರುತು. ಎರಡನ್ನೂ ನಾವು ನುಸಿ ಎಂದೇ ಕರೆಯುವುದರಿಂದ ಗೊಂದಲ ಹೆಚ್ಚು. ಮೊದಲನೆಯದು ಆರು ಕಾಲಿನ ಕೀಟ. ಎರಡನೆಯದು ಎಂಟು ಕಾಲಿನ, ಜೇಡದ ಬಳಗಕ್ಕೆ ಸೇರಿದ ಜೀವಿ. ಒಂದಕ್ಕೆ ತಂದ ಔಷಧಿ ಇನ್ನೊಂದಕ್ಕೆ ನಾಟದೆ ಹೋಗುವುದುಂಟು. 2021ರಲ್ಲಿ ಮೆಣಸಿನ ಬೆಳೆಗಾರರನ್ನು ಕಂಗೆಡಿಸಿದ ಕಪ್ಪು ಥ್ರಿಪ್ಸ್ ಹೂವಿನೊಳಗೆ ಗುಂಪಾಗಿ ಅಡಗಿರುತ್ತಿತ್ತು. ಎಲೆಯನ್ನಷ್ಟೇ ನೋಡಿದವರಿಗೆ ಅದು ಕಾಣುವಂತಿರಲಿಲ್ಲ.

ಇದಕ್ಕಿಂತ ದೊಡ್ಡ ನಷ್ಟ ಮಿತ್ರಕೀಟವನ್ನು ಕೊಲ್ಲುವುದು. ದ್ರಾಕ್ಷಿ, ಕಾಫಿ, ಪೇರಲ ತೋಟಗಳಲ್ಲಿ ಹಿಟ್ಟು ತಿಗಣೆಯನ್ನು ತಿಂದು ಬದುಕುವ ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳುವಿದೆ. ಇದನ್ನು 1898ರಲ್ಲಿ ಆಸ್ಟ್ರೇಲಿಯಾದಿಂದ ನಮ್ಮ ದೇಶಕ್ಕೆ ತರಲಾಯಿತು. ಇದರ ಮರಿಹುಳುವಿನ ಮೈಮೇಲೂ ಹಿಟ್ಟು ತಿಗಣೆಯ ಹಾಗೆಯೇ ಬಿಳಿ ಮೇಣದ ಎಳೆಗಳಿರುತ್ತವೆ. ಬರಿಗಣ್ಣಿಗೆ ಬೇಟೆಯೂ ಬೇಟೆಗಾರನೂ ಒಂದೇ ತೆರ. ಹಣ ಕೊಟ್ಟು ತಂದು ಬಿಟ್ಟ ಹುಳುವಿಗೇ "ತಿಗಣೆ ದಪ್ಪವಾಗಿದೆ" ಎಂದು ವಿಷ ಹೊಡೆದರೆ ಯಾರನ್ನು ದೂರುವುದು? ಹತ್ತಿರದ ಚಿತ್ರದಲ್ಲಿ ಮರಿಹುಳುವಿನ ಎಳೆಗಳು ಉದ್ದವಾಗಿ, ಒರಟಾಗಿ ಕಾಣುತ್ತವೆ. ಅದು ಚುರುಕಾಗಿ ಹರಿದಾಡುತ್ತದೆ. ತಿಗಣೆಯಾದರೋ ಹೆಚ್ಚಾಗಿ ಕೂತಲ್ಲೇ ಕೂತಿರುತ್ತದೆ. ಅನುಮಾನವಿದ್ದಲ್ಲಿ ಅರ್ಧ ನಿಮಿಷದ ಚಲನಚಿತ್ರವನ್ನೇ ತೆಗೆಯಬಹುದು.

ಇದಕ್ಕೆ ದುಬಾರಿ ಕ್ಯಾಮೆರಾ ಬೇಕಿಲ್ಲ. ಫೋನಿಗೆ ಸಿಕ್ಕಿಸುವ ಕ್ಲಿಪ್ ಲೆನ್ಸು ಕೆಲವು ನೂರು ರೂಪಾಯಿಗೆ ದೊರೆಯುತ್ತದೆ. ಅದೂ ಬೇಡವೆಂದರೆ ಭೂತಗನ್ನಡಿಯನ್ನೋ ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಮಸೂರವನ್ನೋ ಫೋನಿನ ಕಣ್ಣಿಗೆ ತಾಗುವಂತೆ ಹಿಡಿದರಾಯಿತು. ಅಗ್ಗದ ಫೋನುಗಳಲ್ಲಿ "ಮ್ಯಾಕ್ರೋ" ಎಂದು ಜಾಹೀರಾತು ಮಾಡುವ ಎರಡು ಮೆಗಾಪಿಕ್ಸೆಲ್ಲಿನ ಪ್ರತ್ಯೇಕ ಕ್ಯಾಮೆರಾದ ಮೇಲೆ ನನಗೆ ಅಷ್ಟಾಗಿ ನಂಬಿಕೆಯಿಲ್ಲ. ಮುಖ್ಯ ಕ್ಯಾಮೆರಾಕ್ಕೆ ಮಸೂರ ಹಿಡಿಯುವುದೇ ಮೇಲು.

ಕಷ್ಟವಿರುವುದು ಕೈಯ ಸ್ಥಿರತೆಯಲ್ಲಿ. ಹುಳುವಿಗೆ ಹತ್ತಿರವಾದಷ್ಟೂ ಸ್ಪಷ್ಟವಾಗಿ ಮೂಡುವ ಆಳ ಕಡಿಮೆಯಾಗಿ, ತಲೆ ಸ್ಪಷ್ಟವಾದರೆ ಬಾಲ ಮಸುಕಾಗುತ್ತದೆ. ಆದ್ದರಿಂದ ಹುಳುವಿನ ಉದ್ದಕ್ಕೆ ಸಮನಾಗಿ ಫೋನನ್ನು ಹಿಡಿದು, ಮೊಣಕೈಯನ್ನು ಮೊಣಕಾಲಿಗೆ ಊರಿ, ಫೋನನ್ನೇ ನಿಧಾನವಾಗಿ ಹಿಂದಕ್ಕೂ ಮುಂದಕ್ಕೂ ಸರಿಸುತ್ತ ಹತ್ತಾರು ಚಿತ್ರ ತೆಗೆಯಬೇಕು. ಅವುಗಳಲ್ಲಿ ಎರಡು ಚೆನ್ನಾಗಿ ಬಂದರೆ ಸಾಕು. ಗಾಳಿಗೆ ಅಲುಗುವ ಎಲೆಯನ್ನು ಎಡಗೈ ಬೆರಳುಗಳಲ್ಲಿ ಹಿಡಿಯಿರಿ. ಬೆಳಗಿನ ತಂಪಿನಲ್ಲಿ ಹುಳುಗಳ ಚಟುವಟಿಕೆ ಕಡಿಮೆ, ಬೆಳಕೂ ಹದವಾಗಿರುತ್ತದೆ. ಬಿಸಿಲೇರಿದ ಮೇಲಾದರೆ ತೆಳುವಾದ ಬಿಳಿ ಪಂಚೆಯನ್ನು ಅಡ್ಡ ಹಿಡಿದು ನೆರಳು ಮಾಡಬೇಕು. ಫೋನಿನ ದೀಪ ಹಾಕಿದರೆ ಹೊಳಪಿನಲ್ಲಿ ಗುರುತುಗಳು ಮಾಸುತ್ತವೆ.

ಚಿತ್ರ ಅಂದವಾಗಿರಬೇಕೆಂದಿಲ್ಲ, ಗುರುತು ಕಾಣಬೇಕು. 2018ರಲ್ಲಿ ನಮ್ಮ ರಾಜ್ಯದಲ್ಲೇ ದೇಶದಲ್ಲಿ ಮೊದಲಿಗೆ ಪತ್ತೆಯಾದ ಮೆಕ್ಕೆಜೋಳದ ಫಾಲ್ ಸೈನಿಕ ಹುಳುವಿಗೆ ತಲೆಯ ಮೇಲೆ ತಲೆಕೆಳಗಾದ 'ವೈ' ಅಕ್ಷರವೂ ಬಾಲದ ಬಳಿ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆಗಳೂ ಇರುತ್ತವೆ. ಈ ಎರಡು ಜಾಗ ಬಾರದ ಚಿತ್ರದಿಂದ ತಜ್ಞರಿಗೂ ಪ್ರಯೋಜನ ಕಡಿಮೆ. ಕೇಂದ್ರ ಸರ್ಕಾರವು 2024ರಲ್ಲಿ ಆರಂಭಿಸಿದ ರಾಷ್ಟ್ರೀಯ ಕೀಟ ಸರ್ವೇಕ್ಷಣಾ ವ್ಯವಸ್ಥೆಯ ಆ್ಯಪ್ ಇದೆಯಲ್ಲ ಎನ್ನುವವರಿದ್ದಾರೆ. ಇರಲಿ, ಅದಕ್ಕೂ ಮಸುಕು ಚಿತ್ರ ಕೊಟ್ಟರೆ ಮಸುಕು ಉತ್ತರವೇ.

ಹುಳುವಿನ ಪಕ್ಕದಲ್ಲಿ ಒಂದು ಬೆಂಕಿಕಡ್ಡಿ ಇಟ್ಟರೆ ಗಾತ್ರ ತಿಳಿಯುತ್ತದೆ. ಇಡೀ ಗಿಡದ್ದೊಂದು, ಹಾನಿಯಾದ ಭಾಗದ್ದೊಂದು ಚಿತ್ರವನ್ನೂ ಸೇರಿಸಿ, ಬೆಳೆಯ ವಯಸ್ಸು, ಹಿಂದೆ ಹೊಡೆದ ಔಷಧಿ ಬರೆದು ಕೃಷಿ ವಿಜ್ಞಾನ ಕೇಂದ್ರಕ್ಕೆ ಕಳುಹಿಸಿ. ಮೈಟ್ ನುಸಿಯಂತಹ ಅತಿ ಸಣ್ಣ ಜೀವಿಯಾದರೆ ಎಲೆಯನ್ನೇ ಒಯ್ಯುವುದು ಲೇಸು.

ಹಾಲಿನ ಡೇರಿಯಲ್ಲಿ ಹಾಲು ಪರೀಕ್ಷಿಸುವ ಸಾಧನ ಇಟ್ಟಿರುವಂತೆ, ಪ್ರತಿ ರೈತ ಸಂಪರ್ಕ ಕೇಂದ್ರದ ಮೇಜಿನ ಮೇಲೂ ದಾರ ಕಟ್ಟಿದ ಒಂದು ಕ್ಲಿಪ್ ಲೆನ್ಸು ಇರಲಿ. ಒಂದು ಬಾಟಲಿ ಕೀಟನಾಶಕದ ಬೆಲೆಗೆ ಅಂಥವು ಎರಡು ಮೂರು ಬಂದಾವು.